ಹಳೇ ಕಟ್ಟಡ, ಪಶ್ಚಿಮದ ಕಿಟಕಿ: ಯಾವ ಪರದೆ ಒಪ್ಪುತ್ತೆ?

ಮಾಟುಂಗಾ ಮೂರನೇ ಮಹಡಿ:
ಎಲ್ಲರಿಗೂ ನಮಸ್ಕಾರ. ಮಾಟುಂಗಾದ ಹಳೇ ಕಟ್ಟಡದಲ್ಲಿ ನಮ್ಮ ಮನೆ. ವೈರಿಂಗ್, ಬಣ್ಣ ಎಲ್ಲ ಮುಗಿದು ಈಗ ಕಿಟಕಿಗಳ ಸರದಿ. ಹಾಲ್‌ನ ಕಿಟಕಿ ಪಶ್ಚಿಮಕ್ಕಿದೆ, ಆರಡಿ ಅಗಲ. ಅದಕ್ಕೆ ಆ ಕಾಲದ ಕಬ್ಬಿಣದ ಗ್ರಿಲ್, ಅರ್ಧಸೂರ್ಯ ಕಿರಣ ಬಿಟ್ಟಂಥ ವಿನ್ಯಾಸ. ನೆಲಕ್ಕೆ ಹಸಿರು ಮತ್ತು ಕೆನೆಬಣ್ಣದ ಮೊಸಾಯಿಕ್. ಅತ್ತೆ ಕುಂದಾಪುರದಿಂದ ತಂದ ಬೀಟೆಮರದ ಪೆಟ್ಟಿಗೆ, ಒಂದು ಉದ್ದ ಬೆಂಚು ಇವೆ. ಸೋಫಾ, ಟಿ.ವಿ. ಹೊಸವು.

ಒಳಾಂಗಣ ಮಾಡಿಕೊಡುತ್ತಿರುವವರು ಎಲ್ಲ ಕೋಣೆಗೂ ಬೂದು ಬಣ್ಣದ ಝೀಬ್ರಾ ಬ್ಲೈಂಡ್ (ತೆಳು, ದಟ್ಟ ಅಡ್ಡ ಪಟ್ಟಿಗಳು ಒಂದಾದ ಮೇಲೊಂದು ಬರುವ ಸುರುಳಿ ಪರದೆ) ಸೂಚಿಸಿದ್ದಾರೆ. ಅತ್ತೆಗೆ ಬಟ್ಟೆ ಪರದೆಯೇ ಆಗಬೇಕು. ನನಗೆ ಆ ಗ್ರಿಲ್ ಕಾಣಿಸುತ್ತಿರಬೇಕು, ಆದರೆ ಸಂಜೆ ನಾಲ್ಕರ ಮೇಲೆ ಬಿಸಿಲು ನೇರ ಸೋಫಾಗೆ ಬೀಳುತ್ತೆ. ಇಂಥ ಮನೆಗೆ ಏನು ಚೆನ್ನಾಗಿರುತ್ತೆ? ಮುಂಬೈ, ಪುಣೆ, ಗೋವಾದಲ್ಲಿ ಅಳತೆ ಕೊಟ್ಟು ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಖಾರ್ಘರ್ ನಕಾಶೆ:
ನಾನು ಮನೆಗಳ ಒಳಾಂಗಣ ವಿನ್ಯಾಸ ಮಾಡುವವಳು. ನೀವು ಶೈಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ನಿಮ್ಮ ಕಟ್ಟಡದಲ್ಲೇ ಇದೆ. ಕಿರಣದ ಗ್ರಿಲ್, ಮೊಸಾಯಿಕ್ ನೆಲ ಎರಡೂ ಆರ್ಟ್ ಡೆಕೊ, ಅಂದರೆ ಸ್ಪಷ್ಟ ಗೆರೆ, ಜ್ಯಾಮಿತಿಯ ಆಕಾರಗಳ ಶೈಲಿಯ ಕಾಲದವು. 1930-40ರ ದಶಕಗಳಲ್ಲಿ ಮುಂಬೈಯಲ್ಲಿ ಇಂಥ ಕಟ್ಟಡಗಳು ಸಾಲುಸಾಲಾಗಿ ಎದ್ದವು. ಓವಲ್ ಮೈದಾನದ ಪಕ್ಕದವು, ಮೆರೈನ್ ಡ್ರೈವ್‌ನವು 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ದಾದರ್, ಮಾಟುಂಗಾದಲ್ಲಿ ಅದೇ ಕಾಲದ ಮನೆಗಳಲ್ಲಿ ಜನ ಈಗಲೂ ಸಂಸಾರ ಮಾಡುತ್ತಿದ್ದಾರೆ. ದಯವಿಟ್ಟು ಆ ಗ್ರಿಲ್ ತೆಗೆಸಬೇಡಿ, ಯಾರು ಹೇಳಿದರೂ.

ಆ ಶೈಲಿಯ ಚೆಲುವೆಲ್ಲ ಗೆರೆಯಲ್ಲಿರುವುದು. ಹೂಬಳ್ಳಿಯ ಬಟ್ಟೆ, ಮೇಲೆ ಝಾಲರಿ, ಕುಚ್ಚು ಹಾಕಿದರೆ ಆ ಗೆರೆ ಮುಳುಗಿಹೋಗುತ್ತೆ. ಝೀಬ್ರಾ ಬ್ಲೈಂಡ್‌ಗೂ ನನ್ನ ಆಕ್ಷೇಪ ಅದೇ. ಅದರ ಅಡ್ಡ ಪಟ್ಟಿಗಳ ಹಿಂದೆ ಗ್ರಿಲ್‌ನ ಓರೆ ಕಿರಣಗಳು ಬಂದರೆ ಕಣ್ಣಿಗೆ ನಿಲುಗಡೆ ಸಿಗದು. ಸಾದಾ ಬಟ್ಟೆ, ಒಂದೇ ಬಣ್ಣ, ಅಂಚಿಗೆ ಅಗಲವಾದ ಒಂದು ಪಟ್ಟಿ ಇಷ್ಟೇ ಇರಲಿ. ಬಣ್ಣವನ್ನು ನೆಲದಿಂದಲೇ ಎತ್ತಿಕೊಳ್ಳಿ. ಸೋಫಾ ಇನ್ನು ಕೆಲವು ವರ್ಷಕ್ಕೆ ಬದಲಾದೀತು, ನೆಲ ಬದಲಾಗುವುದಿಲ್ಲ.

ಇನ್ನು ಬಿಸಿಲು. ಮುಂಬೈ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೇಸಿಗೆಯ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವುದರಿಂದ ದಕ್ಷಿಣದ ಕಿಟಕಿಗೆ ಒಂದು ಛಜ್ಜಾ (ಕಿಟಕಿಯ ಮೇಲಿನ ಚಾಚು) ಸಾಕು. ಪಶ್ಚಿಮದ ಸಂಜೆ ಬಿಸಿಲು ಹಾಗಲ್ಲ, ತಗ್ಗಿನಿಂದ ಅಡ್ಡಡ್ಡ ಬರುವುದರಿಂದ ಛಜ್ಜಾ ಅದನ್ನು ತಡೆಯಲಾರದು. ಹಾಗಾಗಿ ಎರಡು ಪದರ ಬೇಕು. ಚೌಕಟ್ಟಿನ ಒಳಗೆ ಸೋಲಾರ್ ಸ್ಕ್ರೀನ್ ಬಟ್ಟೆಯ (ಬಿಸಿಲು ತಡೆಯುವ, ಸಣ್ಣ ರಂಧ್ರಗಳ ಬಟ್ಟೆ) ತೆಳು ರೋಲರ್, ಅಂದರೆ ಮೇಲಕ್ಕೆ ಸುತ್ತಿಕೊಳ್ಳುವ ಬ್ಲೈಂಡ್, ಅದರ ಈಚೆಗೆ ಗೋಡೆಯ ಮೇಲೆ ಬಟ್ಟೆ ಪರದೆ. ಸ್ಕ್ರೀನ್ ಬಟ್ಟೆ ಶೇ. 1, 3, 5, 10 ಹೀಗೆ ರಂಧ್ರದ ಪ್ರಮಾಣದಲ್ಲಿ ಸಿಗುತ್ತೆ. ಪಶ್ಚಿಮಕ್ಕೆ ಶೇ. 3 ಅಥವಾ 5 ಸರಿ. ಗಾಢ ಬಣ್ಣದ್ದಾದರೆ ಹೊರಗಿನ ನೋಟವೂ ಗ್ರಿಲ್‌ನ ಆಕಾರವೂ ಸ್ಪಷ್ಟವಾಗಿ ಕಾಣುತ್ತೆ, ತಿಳಿ ಬಣ್ಣದ್ದಾದರೆ ಶಾಖವನ್ನು ಹೆಚ್ಚು ಹಿಂದಕ್ಕೆ ಕಳಿಸುತ್ತೆ. ಯಾವುದು ಮುಖ್ಯ ಅಂತ ನೀವು ಆರಿಸಬೇಕು.

ದಾದರ್ ಸೂಜಿದಾರ:
ನಕಾಶೆ ಮೇಡಂ ಹೇಳಿದ್ದು ಸರಿ, ಆದರೆ ಚೌಕಟ್ಟಿನ ಒಳಗೆ ರೋಲರ್ ಕೂರುತ್ತೋ ಇಲ್ಲವೋ ಅಂತ ಮೊದಲು ನೋಡಬೇಕು. ನಾನು ಪರದೆ ಹೊಲಿಯುವವ, ತಂದೆಯ ಕಾಲದಿಂದ ಇದೇ ಕೆಲಸ. ಮಾಟುಂಗಾ ಅಕ್ಕ, ಕಿಟಕಿ ಬಾಗಿಲು ಒಳಗೆ ತೆರೆಯುತ್ತೋ ಹೊರಗೋ? ಗ್ರಿಲ್‌ನಿಂದ ಗೋಡೆಯ ಒಳಅಂಚಿಗೆ ಎಷ್ಟು ಇಂಚು ಜಾಗ ಇದೆ? ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಹಳೇ ಕಟ್ಟಡದಲ್ಲಿ ಮೂರೂ ಒಂದೇ ಬರುವುದು ಅಪರೂಪ. ಒಳಗೆ ಕೂರುವ ಬ್ಲೈಂಡ್‌ಗೆ ಅತಿ ಕಡಿಮೆ ಬಂದ ಅಳತೆಯನ್ನೇ ಕೊಡಬೇಕು.

ಮಾಟುಂಗಾ ಮೂರನೇ ಮಹಡಿ:
ಅಳೆದೆ ಅಣ್ಣ. ಬಾಗಿಲು ಹೊರಗೆ ತೆರೆಯುತ್ತವೆ, ಗ್ರಿಲ್ ಒಳಗಡೆ ಇದೆ. ಗ್ರಿಲ್‌ನಿಂದ ಈಚೆಗೆ ನಾಲ್ಕು ಇಂಚು ಜಾಗ. ಅಗಲ ಮೇಲೆ 72, ನಡುವೆ 71 ಮುಕ್ಕಾಲು, ಕೆಳಗೆ 71 ಇಂಚು. ರಾಡ್ ಹಾಕುವ ಜಾಗದಿಂದ ನೆಲಕ್ಕೆ 90 ಇಂಚು.

ದಾದರ್ ಸೂಜಿದಾರ:
ನಾಲ್ಕು ಇಂಚು ಇದ್ದರೆ ರೋಲರ್ ಆರಾಮಾಗಿ ಕೂರುತ್ತೆ. 71 ಅಂತ ಬರೆದುಕೊಡಿ, ಒಳಗೆ ಕೂರಿಸುವುದಕ್ಕೆ ಅಂತಲೂ ಹೇಳಿ. ರೋಲರ್ ಮೇಲೆಕೆಳಗೆ ಓಡಾಡುವುದಕ್ಕೆ ಬೇಕಾದ ಸಂದನ್ನು ಮಾಡುವವರೇ ಕಳೆದುಕೊಳ್ಳುತ್ತಾರೆ. ನೀವೂ ಕಳೆದು ಅವರೂ ಕಳೆದರೆ ಎರಡೂ ಬದಿಯಿಂದ ಬಿಸಿಲು ಇಣುಕುತ್ತೆ.

ಈಗ ಬಟ್ಟೆ ಲೆಕ್ಕ. ಇದು ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ನಿಮಗೆ ಹೆಚ್ಚು ಬಟ್ಟೆ ಕಟ್ಟಲಾರರು. ಕಿಟಕಿ 72 ಇಂಚು. ರಾಡ್ ಎರಡೂ ಬದಿ ಆರಾರು ಇಂಚು ಹೊರಗೆ ಬರಲಿ, ಪರದೆ ಸರಿಸಿದಾಗ ಗ್ರಿಲ್ ಪೂರ್ತಿ ಕಾಣಬೇಕಲ್ಲ. ಅಲ್ಲಿಗೆ 84. ನಿರಿಗೆಗೆ ಎರಡು ಪಟ್ಟು ಅಂದರೆ 168. ಪರದೆ ಬಟ್ಟೆಯ ಪನ್ನ, ಅಂದರೆ ಅಗಲ, ಸಾಮಾನ್ಯವಾಗಿ 48 ಇಂಚು. 168ನ್ನು 48ರಿಂದ ಭಾಗಿಸಿದರೆ ಮೂರೂವರೆ, ಹಾಗಾಗಿ ನಾಲ್ಕು ಪಟ್ಟಿ, ಒಂದೊಂದು ಬದಿಗೆ ಎರಡೆರಡು. ಉದ್ದ 90, ಮೇಲಿನ ಬಕ್ರಮ್ (ಒಳಗೆ ಕೊಡುವ ಗಟ್ಟಿ ಬಟ್ಟೆ) ಮಡಿಕೆಗೆ ನಾಲ್ಕು, ಕೆಳಗಿನ ಎರಡು ಸುತ್ತಿನ ಮಡಿಕೆಗೆ ಎಂಟು, ಒಟ್ಟು 102 ಇಂಚು, ಅಂದರೆ ಸುಮಾರು 2.6 ಮೀಟರ್. ನಾಲ್ಕು ಪಟ್ಟಿಗೆ 10.4 ಮೀಟರ್.

ಇದು ಸಾದಾ ಬಟ್ಟೆಯ ಲೆಕ್ಕ. ದೊಡ್ಡ ಡಿಸೈನ್ ಇದ್ದರೆ ಹೂವಿಗೆ ಹೂವು ಕೂಡಿಸಬೇಕು. 64 ಸೆಂಟಿಮೀಟರಿಗೊಮ್ಮೆ ಮರುಕಳಿಸುವ ಡಿಸೈನ್ ಆದರೆ ನಾಲ್ಕು ಸುತ್ತಿಗೆ 256 ಸೆಂ.ಮೀ., ನಿಮಗೆ ಬೇಕಾದ್ದು 259. ಆ ಮೂರು ಸೆಂಟಿಮೀಟರಿಗಾಗಿ ಐದನೇ ಸುತ್ತು ಕತ್ತರಿಸಬೇಕು, ಒಂದು ಪಟ್ಟಿಗೆ 3.2 ಮೀಟರ್, ಒಟ್ಟು 12.8 ಮೀಟರ್ ಆಗುತ್ತೆ. ಇಂಥ ಕಡೆ ಕೆಳಗಿನ ಮಡಿಕೆಯನ್ನು ಒಂದೂವರೆ ಇಂಚು ತಗ್ಗಿಸಿದರೆ ನಾಲ್ಕು ಸುತ್ತಿನಲ್ಲೇ ಮುಗಿಯುತ್ತೆ. ಒಳ್ಳೆ ಟೈಲರ್ ಇದನ್ನು ಬಟ್ಟೆ ಕೊಳ್ಳುವ ಮೊದಲೇ ಹೇಳಬೇಕು.

ಐಲೆಟ್ ಬಳೆ (ರಾಡ್ ತೂರಿಸುವ ಉಂಗುರ) ಹಾಕಿದ ಪರದೆಗೆ ಒಂದೂವರೆಯಿಂದ ಎರಡು ಪಟ್ಟು ಸಾಕು, ಹೊಲಿದ ನಿರಿಗೆಗೆ ಎರಡರಿಂದ ಎರಡೂವರೆ. ಬಟ್ಟೆ ಅಗ್ಗದ್ದಾದರೂ ಪರವಾಗಿಲ್ಲ ಅಕ್ಕ, ನಿರಿಗೆ ಮಾತ್ರ ತುಂಬಿಕೊಂಡಿರಲಿ. ದುಬಾರಿ ಬಟ್ಟೆಯನ್ನು ಎಳೆದು ಹಾಸಿದ ಹಾಗೆ ಹೊಲಿದರೆ ಹಾಸಿಗೆಯ ಹೊದಿಕೆ ತೂಗುಹಾಕಿದ ಹಾಗೆ ಕಾಣುತ್ತೆ.

ಕೋತ್ರೂಡ್ ಧಾರವಾಡದವ್ರು:
ಅಕ್ಕಾರ, ಅಂಚಿಗೆ ಪಟ್ಟಿ ಅಂದ ಕೂಡ್ಲೆ ನಂಗ ನೆನಪಾತು. ಪುಣೆದ ಮಂದಿಗೆ ಖಣ ಅನ್ನೋ ಕುಪ್ಪಸದ ಬಟ್ಟಿ ಅಂದ್ರ ಜೀವ. ಲಕ್ಷ್ಮೀ ರೋಡಿನ್ಯಾಗ ಬೇಕಾದಷ್ಟು ಸಿಗತದ. ಅದರ ಮೂಲ ನಮ್ಮ ಬಾಗಲಕೋಟಿ ಜಿಲ್ಲಾದ ಗುಳೇದಗುಡ್ಡದಾಗ ಅದ. ಮಗ್ಗದ್ದು ಕೇಳಿ ತಗೋರಿ, ಈಗ ಖಣದ ಡಿಸೈನ್ ಬರೇ ಪ್ರಿಂಟ್ ಮಾಡಿದ ಬಟ್ಟಿನೂ ಅದ ಹೆಸರಿನ್ಯಾಗ ಮಾರತಾರ. ಹಿಂದಮುಂದ ತಿರುವಿ ನೋಡಿದ್ರ ಗೊತ್ತಾಗತದ, ನೇಯ್ದದ್ದಕ್ಕ ಹಿಂದ ಎಳಿ ಕಾಣತಾವ.

ಖಣ ಕುಪ್ಪಸಕ್ಕಂತ ನೇಯೋದು, ಹಿಂಗಾಗಿ ಪನ್ನ ಸಣ್ಣದು. ಇಡೀ ಪರದಿ ಅದರಾಗ ಹೊಲಸಬ್ಯಾಡ್ರಿ, ಜೋಡ ಎದ್ದು ಕಾಣತಾವ. ನಾವು ಹಾಲಿನ್ಯಾಗ ಕೋರಾ ಖಾದಿ ಪರದಿ ಹಾಕಿ, ಕೆಳಗ ಒಂದು ಗೇಣು ಹಸಿರು ಖಣದ ಪಟ್ಟಿ ಕೊಡಿಸೇವಿ. ಸಂಜಿ ಬೆಳಕಿಗೆ ಆ ಬಣ್ಣ ಎಷ್ಟ ಛಂದ ಕಾಣತದ ಅಂದ್ರ, ಬಂದವ್ರೆಲ್ಲಾ ಮೊದಲ ಅದನ್ನ ಮುಟ್ಟಿ ನೋಡತಾರ. ನಿಮ್ಮ ನೆಲದಾಗೂ ಹಸಿರು ಅದ ಅಂದ್ರಲ್ಲಾ, ಕೂಡಿ ಬರತದ ನೋಡ್ರಿ.

ಒಂದು ಎಚ್ಚರಿಕಿ. ಖಾದಿ, ಹತ್ತಿ, ಲಿನನ್ ಯಾವುದೇ ಇರಲಿ, ಹೊಲಿಸೋಕಿಂತ ಮೊದಲ ನೀರಾಗ ನೆನಿ ಹಾಕಿ ಒಣಗಿಸ್ರಿ. ಖಣದ ಪಟ್ಟಿನೂ ಬ್ಯಾರೆ ನೆನಿ ಹಾಕ್ರಿ, ಬಣ್ಣ ಬಿಡತದೋ ಏನೋ ಆವಾಗ ಗೊತ್ತಾಗತದ. ಎರಡೂ ಒಂದ ಅಳತಿ ಕುಗ್ಗೂದಿಲ್ಲ.

ಮುಲುಂಡ್ ಕರಾವಳಿ:
ಖಣದ ಅಂಚು ಚಂದ ಉಂಟು. ನನ್ನದೊಂದು ಪ್ರಶ್ನೆ ಇದರಲ್ಲೇ ಸೇರಿಸ್ತೇನೆ. ಅಮ್ಮನ ಹಳೇ ಇಳಕಲ್ ಸೀರೆ ಒಂದು ಉಂಟು, ರೇಷ್ಮೆಯದ್ದು. ಪೆಟ್ಟಿಗೆಯಲ್ಲಿ ಮಡಚಿ ಇಟ್ಟರೆ ಮಡಿಕೆಯಲ್ಲೇ ಸೀಳ್ತದೆ. ಕಿಟಕಿಗೆ ಪರದೆ ಮಾಡಿಸಿದ್ರೆ ದಿನಾ ನೋಡಬಹುದಲ್ಲ ಮಾರಾಯ್ರೆ?

ಕೋತ್ರೂಡ್ ಧಾರವಾಡದವ್ರು:
ಅಯ್ಯ, ಇಳಕಲ್ ಸೀರಿಗೆ ಕತ್ರಿ ಹಾಕಬ್ಯಾಡ್ರಿ! ಅದರ ಟೋಪ ತೆನಿ ಅನ್ನೋ ಚಿತ್ತಾರದ ಸೆರಗನ್ನ ಒಡಲಿಗೆ ಕೊಂಡಿ ಹಾಕಿ ಕೂಡಸಿರತಾರ, ಒಂದೊಂದು ಎಳಿ ಕೈಯಿಂದ. ಅಂಥಾದ್ದನ್ನ ಕಿಟಕಿ ಅಳತಿಗೆ ತುಂಡು ಮಾಡೂದು ನನಗಂತೂ ಸರಿ ಕಾಣೂದಿಲ್ಲ.

ಖಾರ್ಘರ್ ನಕಾಶೆ:
ಭಾವನೆಯ ಮಾತು ಬಿಟ್ಟರೂ ರೇಷ್ಮೆಗೆ ನೇರ ಬಿಸಿಲು ಆಗದು. ಅತಿನೇರಳೆ ಕಿರಣ ಎಳೆಯನ್ನೇ ಜೀರ್ಣ ಮಾಡುತ್ತೆ. ಹಿಂದೆ ಹತ್ತಿಯ ಅಸ್ತರಿ ಕೊಟ್ಟರೆ ನಿಧಾನವಾಗುತ್ತೆ, ನಿಲ್ಲುವುದಿಲ್ಲ. ಅದೂ ಹಳೇ ಸೀರೆ, ಮೊದಲೇ ಮಡಿಕೆಯಲ್ಲಿ ಸೀಳುತ್ತಿದೆ ಅಂತೀರಿ.

ಆದರೆ ಪೆಟ್ಟಿಗೆಯಲ್ಲೇ ಇಡಬೇಕು ಅನ್ನುವುದನ್ನೂ ನಾನು ಒಪ್ಪಲ್ಲ. ಹಾಲ್‌ನಿಂದ ಒಳಕೋಣೆಗೆ ಹೋಗುವ ಬಾಗಿಲಿಗೆ ಹಾಕಿ, ಅಲ್ಲಿ ಬಿಸಿಲಿಲ್ಲ. ಕತ್ತರಿಯೂ ಬೇಡ. ಐದೂವರೆ ಮೀಟರಿನ ಸೀರೆಯನ್ನು ದುಂಡನೆಯ ಮರದ ರಾಡಿನ ಮೇಲೆ ನಡುಮಧ್ಯಕ್ಕೆ ಮಡಚಿ ಇಳಿಬಿಟ್ಟರೆ ಎರಡೂ ಬದಿಗೆ ಪೌಣೆ ಮೂರು ಮೀಟರ್ ಬರುತ್ತೆ. ಹೆಚ್ಚಾದದ್ದನ್ನು ಕೆಳಗೆ ಒಳಮಡಿಕೆ ಮಾಡಿ ಕೈಹೊಲಿಗೆ ಹಾಕಿ. ಬೇಡವಾದಾಗ ಬಿಚ್ಚಿದರೆ ಸೀರೆ ಸೀರೆಯಾಗಿಯೇ ಇರುತ್ತೆ. ಮಡಿಕೆಯ ಜಾಗವನ್ನು ಮಾತ್ರ ಆಗಾಗ ಬದಲಿಸುತ್ತಿರಿ.

ಮುಲುಂಡ್ ಕರಾವಳಿ:
ಇದು ಒಪ್ಪಿಗೆ. ಅಮ್ಮನಿಗೂ ತೋರಿಸ್ತೇನೆ.

ಮಡಗಾಂವ್ ಬೆಳಗಾವಿಗ:
ಗೋವಾದಿಂದ ಒಂದು ಮಾತು. ನಾವಿರುವುದು ಪೋರ್ಚುಗೀಸರ ಕಾಲದ ಮಾದರಿಯ ಬಾಡಿಗೆ ಮನೆ. ಕಿಟಕಿಗಳು ಎತ್ತರ, ಎರಡು ಕಿಟಕಿಗಳ ಬಾಗಿಲಿಗೆ ಗಾಜಿನ ಬದಲು ಕಪ್ಪೆಚಿಪ್ಪಿನ ಹಲ್ಲೆ. ಸಮುದ್ರದ ಒಂದು ಜಾತಿಯ ಚಪ್ಪಟೆ ಚಿಪ್ಪನ್ನು ಚೌಕವಾಗಿ ಕತ್ತರಿಸಿ ಮರದ ಪಟ್ಟಿಗಳ ನಡುವೆ ಜೋಡಿಸಿರುತ್ತಾರೆ, ಹಳೇ ಗೋವಾದ ಚರ್ಚುಗಳಲ್ಲೂ ನೋಡಬಹುದು. ಬೆಳಕು ಹಾಲಿನಂತೆ ಸೋಸಿ ಬರುತ್ತೆ, ಹೊರಗಿನವರಿಗೆ ಒಳಗಿನದು ಕಾಣಲ್ಲ. ಅಂದರೆ ತೆಳು ಪರದೆ ಮಾಡುವ ಕೆಲಸವನ್ನೆಲ್ಲ ಆ ಬಾಗಿಲೇ ಮಾಡುತ್ತೆ. ಅಲ್ಲಿ ನಾವು ಏನೂ ಹಾಕಿಲ್ಲ. ಮಾಟುಂಗಾದವರೇ, ನಿಮ್ಮ ಮನೆಯಲ್ಲೂ ಯಾವುದಾದರೂ ಕಿಟಕಿಗೆ ಏನೂ ಬೇಡವೇನೋ, ಒಮ್ಮೆ ನಿಂತು ನೋಡಿ. ಎಲ್ಲ ಕಿಟಕಿಗೂ ಹಾಕಲೇಬೇಕು ಅಂತೇನಿಲ್ಲ.

ಊಟದ ಕೋಣೆಯ ಕಿಟಕಿ ರಸ್ತೆಗೆ ಹತ್ತಿರ. ಅದಕ್ಕೆ ಕೆಳಗಿನ ಅರ್ಧಕ್ಕೆ ಮಾತ್ರ ಬಿಳಿ ಹತ್ತಿಯ ಗಿಡ್ಡ ಪರದೆ, ನಡುವೆ ಸಣ್ಣ ಹಿತ್ತಾಳೆ ಸರಳು. ದಾರಿಹೋಕರ ಕಣ್ಣು ತಪ್ಪುತ್ತೆ, ಮೇಲಿನಿಂದ ಬೆಳಕು, ತೆಂಗಿನ ಗರಿ ಎರಡೂ ಸಿಗುತ್ತವೆ.

ಕರಾವಳಿಯಲ್ಲಿ ಬಟ್ಟೆಗಿಂತ ಮೊದಲು ಕೆಡುವುದು ಕಬ್ಬಿಣ. ಲೇಪದ ಕಬ್ಬಿಣದ ರಾಡ್, ಬಳೆ ಹಾಕಿದರೆ ಉಪ್ಪುಗಾಳಿಗೆ ತುಕ್ಕು ಹಿಡಿದು ಬಿಳಿ ಬಟ್ಟೆಗೆ ಕಂದು ಕಲೆ ಕೂರುತ್ತೆ, ಹೋಗಲ್ಲ. ಹಿತ್ತಾಳೆ, ಅಲ್ಯೂಮಿನಿಯಂ ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ. ಸಮುದ್ರ ಎದುರಿಗೇ ಇದ್ದರೆ 316.

ಠಾಣೆ 22ನೇ ಮಹಡಿ:
ನಮ್ಮದು ಪೂರ್ತಿ ಬೇರೆ ಪರಿಸ್ಥಿತಿ. ಹೊಸ ಟವರ್, ನೆಲದಿಂದ ಛಾವಣಿವರೆಗೆ ಸ್ಲೈಡಿಂಗ್ ಗಾಜು, ಬಿಳಿ ಗೋಡೆ. ಇಲ್ಲಿ ಬ್ಲೈಂಡ್ ಬೇಡ ಅನ್ನುವವರ ಮಾತು ನನಗೆ ಒಪ್ಪಿಗೆಯಾಗಲ್ಲ. ಕಡಿಮೆ ಸಾಮಾನಿನ ಸರಳ ಮನೆಗೆ ರೋಲರ್‌ನಷ್ಟು ಶಿಸ್ತಾಗಿ ಕಾಣುವುದು ಇನ್ನೊಂದಿಲ್ಲ. ಓಡಾಡುವ ಬಾಲ್ಕನಿ ಬಾಗಿಲಿಗೆ ಮಾತ್ರ ಅಲೆಯಂತೆ ಬೀಳುವ ರಿಪಲ್ ಪರದೆ ಹಾಕಿದ್ದೇವೆ, ಛಾವಣಿಯ ಟ್ರ್ಯಾಕ್‌ನಿಂದ.

ಫಾಲ್ಸ್ ಸೀಲಿಂಗ್ ಮಾಡಿಸುವವರು ಗಮನಿಸಿ: ತೆಳು ಪರದೆ, ದಪ್ಪ ಪರದೆ ಎರಡು ಟ್ರ್ಯಾಕ್ ಬೇಕಾದರೆ ಕಿಟಕಿ ಪಕ್ಕ ಆರರಿಂದ ಎಂಟು ಇಂಚು ಪೆಲ್ಮೆಟ್ (ಟ್ರ್ಯಾಕ್ ಮರೆಮಾಡುವ ಪೆಟ್ಟಿಗೆ) ಜಾಗ ಮೊದಲೇ ಬಿಡಿಸಿಕೊಳ್ಳಿ. ಮೋಟಾರ್ ಬೇಕಾದರೆ ಅಲ್ಲೇ ಒಂದು ಪ್ಲಗ್ ಪಾಯಿಂಟ್ ಕೂಡ. ಗೋಡೆ ಯಾವುದು ಅಂತಲೂ ತಿಳಿದುಕೊಳ್ಳಿ. ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗೆ ಹ್ಯಾಮರ್ ಡ್ರಿಲ್ ಬೇಕು. ಹಗುರ ಬ್ಲಾಕ್ ಗೋಡೆಯಲ್ಲಿ ಸ್ಕ್ರೂ ಹಿಡಿಸುವ ಮಾಮೂಲಿ ಪ್ಲಾಸ್ಟಿಕ್ ಗಟ್ಟ ನಿಲ್ಲಲ್ಲ, ಪರದೆಯ ಭಾರಕ್ಕೆ ಕಿತ್ತು ಬರುತ್ತೆ, ಅದಕ್ಕೆಂದೇ ಬರುವ ಉದ್ದನೆಯ ಆಂಕರ್ ಹಾಕಿಸಿ.

ಖಾರ್ಘರ್ ನಕಾಶೆ:
ಠಾಣೆಯವರೇ, ನಿಮ್ಮ ಮನೆಗೆ ರೋಲರ್ ಸರಿ ಅಂತ ನಾನೂ ಹೇಳುತ್ತೇನೆ. ಎಲ್ಲ ಮನೆಗೂ, ಎಲ್ಲ ಕೋಣೆಗೂ ಒಂದೇ ಬೂದು ಬ್ಲೈಂಡ್ ಅಂತ ಕ್ಯಾಟಲಾಗ್ ಮಡಚಿಡುವುದಕ್ಕೆ ನನ್ನ ವಿರೋಧ. ಮಾಟುಂಗಾದವರ ಮನೆಯಲ್ಲಿ 80 ವರ್ಷದಷ್ಟು ಹಿಂದಿನ ಕೆಲಸಗಾರರು ಗ್ರಿಲ್ ಬಾಗಿಸಿ, ನೆಲ ಉಜ್ಜಿ ಒಂದು ಮಾತು ಹೇಳಿಟ್ಟಿದ್ದಾರೆ. ಪರದೆ ಅದಕ್ಕೆ ದನಿಗೂಡಿಸಬೇಕು.

ವಾಕಡ್ ಅಮ್ಮ:
ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ಬರೆಯುತ್ತಿದ್ದೇನೆ, ದಯವಿಟ್ಟು ದಾಟಿ ಹೋಗಬೇಡಿ. ರೋಲರ್‌ನ ಮಣಿಸರ, ಮಡಿಕೆ ಮಡಿಕೆಯಾಗಿ ಮೇಲೇರುವ ರೋಮನ್ ಬ್ಲೈಂಡ್‌ನ ಹಿಂದಿನ ದಾರ, ಎರಡೂ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಬೇರೆ ದೇಶಗಳಲ್ಲಿ ಇದರಿಂದ ಮಕ್ಕಳ ಜೀವ ಹೋಗಿ, ಅದಕ್ಕಾಗಿಯೇ ಸುರಕ್ಷತಾ ಮಾನದಂಡ ಬಂದಿವೆ. ಯುರೋಪಿನ ಮಾನದಂಡದಲ್ಲಿ ದಾರದ ಕುಣಿಕೆ ನೆಲದಿಂದ ಒಂದೂವರೆ ಮೀಟರ್ ಮೇಲಿರಬೇಕು ಅಂತಿದೆ. ನಮ್ಮಲ್ಲಿ ಕೇಳದಿದ್ದರೆ ಯಾರೂ ಹೇಳಲ್ಲ. ದಾರವಿಲ್ಲದ ಸ್ಪ್ರಿಂಗ್ ಮಾದರಿ ಕೇಳಿ, ಇಲ್ಲವೇ ಮಣಿಸರವನ್ನು ಬಿಗಿಯಾಗಿ ಗೋಡೆಗೆ ಹಿಡಿದಿಡುವ ಕ್ಲಿಪ್ ಹಾಕಿಸಿ. ಮಂಚ, ತೊಟ್ಟಿಲು, ಮಗು ಹತ್ತಬಹುದಾದ ಕುರ್ಚಿ ಕಿಟಕಿ ಪಕ್ಕ ಇಡಬೇಡಿ.

ಮಾಟುಂಗಾ ಮೂರನೇ ಮಹಡಿ:
ನಾದಿನಿಯ ಮಗು ರಜೆಗೆ ಬರುತ್ತೆ, ಒಳ್ಳೆಯದಾಯ್ತು ಹೇಳಿದ್ದು. ಸ್ಪ್ರಿಂಗ್ ಮಾದರಿಯನ್ನೇ ಕೇಳುತ್ತೇನೆ.

ಇನ್ನು ಬೆಡ್‌ರೂಮ್. ಕಿಟಕಿ ಪೂರ್ವಕ್ಕೆ, ಎದುರು ಕಟ್ಟಡ ಹತ್ತಿರ. ಗಂಡನಿಗೆ ರಾತ್ರಿ ಪಾಳಿ, ಬೆಳಿಗ್ಗೆ ಕತ್ತಲೆ ಬೇಕು. ಬ್ಲ್ಯಾಕ್‌ಔಟ್ ಬಟ್ಟೆ ಪ್ಲಾಸ್ಟಿಕ್ ತರ ಕಾಣುತ್ತೆ ಅಂತ ಹಿಂಜರಿಕೆ. ಅಡುಗೆಮನೆಯಲ್ಲಿ ಕಿಟಕಿ ಒಲೆಯ ಪಕ್ಕದಲ್ಲೇ ಇದೆ.

ದಾದರ್ ಸೂಜಿದಾರ:
ಬ್ಲ್ಯಾಕ್‌ಔಟ್ ಅನ್ನು ಮುಂದಿನ ಬಟ್ಟೆಯಾಗಿ ತಗೋಬೇಡಿ, ಅಸ್ತರಿಯಾಗಿ ತಗೊಳ್ಳಿ. ಮುಂದೆ ನಿಮಗೆ ಇಷ್ಟವಾದ ಹತ್ತಿ, ಹಿಂದೆ ಬ್ಲ್ಯಾಕ್‌ಔಟ್ ಅಸ್ತರಿ, ಎರಡನ್ನೂ ಮೇಲೆ ಮಾತ್ರ ಕೂಡಿಸಿ ಕೆಳಗೆ ಬಿಡಿಯಾಗಿ ಬಿಡಬೇಕು. ಸುತ್ತ ಹೊಲಿದುಬಿಟ್ಟರೆ ಒಗೆದ ಮೇಲೆ ಹತ್ತಿ ಕುಗ್ಗಿ ಅಸ್ತರಿ ಜೋತುಬೀಳುತ್ತೆ. ಕತ್ತಲೆ ನಿಜವಾಗಿ ಬೇಕಾದರೆ ಬಟ್ಟೆಗಿಂತ ಅಂಚು ಮುಖ್ಯ. ರಾಡ್‌ನ ಎರಡೂ ತುದಿ ಗೋಡೆ ಕಡೆಗೆ ಬಾಗಿರಲಿ, ಪರದೆ ಗೋಡೆ ಮುಟ್ಟುವ ತನಕ ಹೋಗಲಿ. ಐಲೆಟ್ ಬಳೆ ಬೇಡ, ಅದರ ಸಂದಿಯಲ್ಲಿ ಬೆಳಕು ಬಂದೇ ಬರುತ್ತೆ.

ಎದುರು ಕಟ್ಟಡ ಹತ್ತಿರ ಅಂದಿರಿ. ಬರೀ ತೆಳು ಪರದೆ ನೆಚ್ಚಿಕೊಳ್ಳಬೇಡಿ. ಹಗಲು ಮರೆ ಕೊಡುತ್ತೆ, ರಾತ್ರಿ ಒಳಗೆ ದೀಪ ಹಾಕಿದ ಕೂಡಲೇ ಎಲ್ಲ ಹೊರಗೆ ಕಾಣುತ್ತೆ.

ಒಲೆ ಪಕ್ಕ ಬಟ್ಟೆ ಖಂಡಿತ ಬೇಡ. 25 ಮಿ.ಮೀ. ಪಟ್ಟಿಯ ಅಲ್ಯೂಮಿನಿಯಂ ವೆನೆಷಿಯನ್ ಬ್ಲೈಂಡ್ ಹಾಕಿಸಿ. ಎಣ್ಣೆ ಪಸೆಯನ್ನು ಸೋಪು ನೀರಿನ ಬಟ್ಟೆಯಲ್ಲಿ ಒರೆಸಬಹುದು.

ಮುಲುಂಡ್ ಕರಾವಳಿ:
ಮಳೆಗಾಲದ್ದು ಯಾರೂ ಹೇಳಲೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ದಪ್ಪ ಹತ್ತಿ ಪರದೆ ಒಗೆದ್ರೆ ಒಣಗುವುದಿಲ್ಲ, ಒದ್ದೆ ಗೋಡೆಗೆ ತಾಗಿದಲ್ಲಿ ಕಪ್ಪು ಚುಕ್ಕೆ ಬೂಷ್ಟು ಬರ್ತದೆ. ನಾವು ಮೇ ಕೊನೆಯಲ್ಲೇ ದಪ್ಪದ್ದು ಒಗೆದು, ಖಡಕ್ ಬಿಸಿಲಿಗೆ ಒಣಗಿಸಿ ಎತ್ತಿಡ್ತೇವೆ. ಮಳೆಗೆ ತೆಳು ಪಾಲಿಯೆಸ್ಟರ್ ಮಿಶ್ರದ್ದು ತೂಗಾಡ್ತದೆ, ಫ್ಯಾನ್ ಗಾಳಿಗೇ ಒಣಗ್ತದೆ. ಎರಡು ಜೊತೆ ಇಟ್ಟುಕೊಂಡ್ರೆ ಮನೆಗೂ ವರ್ಷಕ್ಕೆರಡು ಬಾರಿ ಹೊಸ ಕಳೆ.

ಕೋತ್ರೂಡ್ ಧಾರವಾಡದವ್ರು:
ಪುಣೆದಾಗ ಮಳಿ ಅಷ್ಟಿಲ್ರಿ, ನಮಗ ಧೂಳಿಂದ ಚಿಂತಿ. ವಾರಕ್ಕೊಮ್ಮೆ ಪರದಿ ಝಾಡಿಸಿದ್ರ ಒಗಿಯೂದು ಎಷ್ಟೋ ಕಡಿಮಿ ಆಗತದ.

ಮಾಟುಂಗಾ ಮೂರನೇ ಮಹಡಿ:
ಅತ್ತೆಗೆ ಎಲ್ಲ ಓದಿ ಹೇಳಿದೆ. ಹಾಲ್‌ಗೆ ಒಳಗಡೆ ಶೇ. 5ರ ಗಾಢ ಬೂದು ಸ್ಕ್ರೀನ್ ರೋಲರ್, ಈಚೆಗೆ ಕೆನೆಬಣ್ಣದ ಖಾದಿ, ಕೆಳಗೆ ಹಸಿರು ಪಟ್ಟಿ ಅಂತ ತೀರ್ಮಾನವಾಯ್ತು. ಬೆಡ್‌ರೂಮ್‌ಗೆ ಬಿಡಿ ಅಸ್ತರಿ, ಅಡುಗೆಮನೆಗೆ ಅಲ್ಯೂಮಿನಿಯಂ. ಮೆಟ್ಟಿಲ ಕಡೆಯ ಸಣ್ಣ ಕಿಟಕಿಗೆ ಏನೂ ಇಲ್ಲ, ಮಡಗಾಂವ್‌ನವರ ಮಾತು ನೋಡಿ ಬಿಟ್ಟೆವು. ಖಣದ ಪಟ್ಟಿ ಅಡ್ಡ ಹಾಕಬೇಕೋ ಉದ್ದಕ್ಕೋ ಅನ್ನುವುದು ಮಾತ್ರ ಉಳಿದಿದೆ. ಅತ್ತೆ ಕೆಳಗೆ ಅಡ್ಡ ಅಂತಾರೆ, ನನಗೆ ನಡುವಿನ ಅಂಚಿಗೆ ಉದ್ದಕ್ಕೆ ಇಷ್ಟ.

ಖಾರ್ಘರ್ ನಕಾಶೆ:
ಈ ಸಲ ಅತ್ತೆಯವರ ಪರ ನಾನು. ಕೋಣೆ ಗಿಡ್ಡವಾಗಿದ್ದರೆ ಉದ್ದ ಪಟ್ಟಿ ಎತ್ತರ ತೋರಿಸಲಿ ಅಂತ ಹಾಕಿಸುತ್ತೇವೆ. ಹಳೇ ಕಟ್ಟಡದಲ್ಲಿ ನಿಮಗೆ ಎತ್ತರ ಸಾಕಷ್ಟಿರುತ್ತೆ. ಕೆಳಗೆ ಅಡ್ಡ ಬಂದರೆ ಪರದೆ ಸರಿಸಿದಾಗಲೂ ಪಟ್ಟಿ ಎರಡು ಬದಿಗೆ ಕಾಣುತ್ತೆ, ನೆಲದ ಹಸಿರಿನ ಪಕ್ಕದಲ್ಲೇ ಇರುತ್ತೆ.

ದಾದರ್ ಸೂಜಿದಾರ:
ಹೊಲಿಗೆಗೂ ಅಡ್ಡವೇ ಸುಲಭ. ಪರದೆಯ ನಾಲ್ಕು ಪಟ್ಟಿಯ ಅಗಲಕ್ಕೆ 192 ಇಂಚು ಖಣದ ಅಂಚು ಬೇಕು, ಜೋಡಣೆ ಸೇರಿ ಐದೂ ಕಾಲು ಮೀಟರ್ ಇದ್ದರೆ ಧೈರ್ಯ. ಪಟ್ಟಿಯ ಅಗಲ ಒಂದು ಗೇಣು ಅಂದರೆ ಖಣದ ಪನ್ನವನ್ನು ಉದ್ದಕ್ಕೆ ಸೀಳಿ ಮೂರು ಪಟ್ಟಿ ತೆಗೆಯಬಹುದು, ಹಾಗಾಗಿ ಎರಡು ಮೀಟರ್ ಕೊಂಡರೂ ಸಾಕಾಗುತ್ತೆ, ನಡುವೆ ಕೂಡು ಬರುವುದನ್ನು ನಿರಿಗೆಯ ಹಿಂದೆ ಅಡಗಿಸಬಹುದು. ನೀರಲ್ಲಿ ನೆನೆಸಿ ಇಸ್ತ್ರಿ ಮಾಡಿಟ್ಟ ಮೇಲೆಯೇ ಟೈಲರ್ ಕೈಗೆ ಕೊಡಿ. ಗಣಪತಿ ಹಬ್ಬದಿಂದ ದೀಪಾವಳಿ ತನಕ ನಮಗೆ ತಲೆ ಎತ್ತಲು ಪುರಸೊತ್ತಿರಲ್ಲ, ಅದಕ್ಕಿಂತ ಮುಂಚೆ ಕೊಟ್ಟರೆ ಕೆಲಸ ನಿಧಾನವಾಗಿ, ನೀಟಾಗಿ ಆಗುತ್ತೆ.